ಅಣೆಕಟ್ಟು ಇಲ್ಲದ ಸೀಮೆಯವರ ನೀರಿನ ಲೆಕ್ಕ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂತೋಷದ ದಿನ ಇದು. ಸಂಘ ಹುಟ್ಟಿದ ಕಥೆ, ಮೊದಲ ದಿನ ಎಷ್ಟು ಲೀಟರ್ ಹಾಲು ಬಂತು ಎನ್ನುವುದನ್ನೆಲ್ಲ ಅಧ್ಯಕ್ಷರು ಹೇಳಿದ್ದಾರೆ. ನನಗೆ ಕೊಟ್ಟಿರುವ ವಿಷಯ "ನೀರಿನ ನಿರ್ವಹಣೆಯಲ್ಲಿ ದೊಡ್ಡ ಅಣೆಕಟ್ಟುಗಳ ಪಾತ್ರ". ಈ ವಿಷಯ ಕೇಳಿದಾಗ ನನಗೆ ನಗು ಬಂತು. ಮಂಡ್ಯದವರಿಗೆ ಕೊಡಬೇಕಾದ ವಿಷಯವನ್ನು ಶಿಡ್ಲಘಟ್ಟದವನಿಗೆ ಕೊಟ್ಟಿದ್ದೀರಿ. ನಾನು ಓದಿರುವುದು ಎಸ್.ಎಸ್.ಎಲ್.ಸಿ., ಇಂಜಿನಿಯರ್ ಅಲ್ಲ. ಮನೆಯಲ್ಲಿ ಆಡೋದು ತೆಲುಗು, ಸಭೆಯಲ್ಲಿ ಮಾತ್ರ ಕನ್ನಡ. ತಪ್ಪಿದ್ದರೆ ಹಿರಿಯರು ತಿದ್ದಬೇಕು. ಆದರೆ ಎರಡು ವಾರ ಯೋಚನೆ ಮಾಡಿದ ಮೇಲೆ, ಇದು ನಮಗೇ ಬೇಕಾದ ವಿಷಯ ಅನ್ನಿಸಿತು. ಅಣೆಕಟ್ಟು ಇದ್ದವರು ನೀರಿನ ಬಗ್ಗೆ ಅಷ್ಟು ಯೋಚನೆ ಮಾಡೋದಿಲ್ಲ. ಇಲ್ಲದವರು ಮಾಡಬೇಕಾಗುತ್ತೆ.

ಮೊದಲು ನಮ್ಮ ಜಿಲ್ಲೆಯ ದೊಡ್ಡ ಮನುಷ್ಯರನ್ನು ನೆನೆಯಬೇಕು. ನಂದಿ ಬೆಟ್ಟದ ಬುಡದ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಅಕ್ಷರ ಕಲಿತ ಸರ್ ಎಂ. ವಿಶ್ವೇಶ್ವರಯ್ಯನವರು. ಪುಣೆ ಹತ್ತಿರದ ಖಡಕ್‌ವಾಸ್ಲಾ ಕಟ್ಟೆಗೆ 1903ರಲ್ಲಿ ತಾನೇ ತೆರೆದು ಮುಚ್ಚುವ ಗೇಟು ಹಾಕಿಸಿದರು. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿದಾಗ ಅವರನ್ನೇ ಕರೆಸಿದರು, ಅವರ ಸಲಹೆಯಂತೆ ಅಲ್ಲಿ ಜಲಾಶಯಗಳಾದವು. ಮೈಸೂರಿಗೆ ಬಂದು ಚೀಫ್ ಇಂಜಿನಿಯರ್ ಆಗಿ, ಆಮೇಲೆ ದಿವಾನರಾಗಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಹಿಡಿದರು. 1911ರಲ್ಲಿ ಶುರುವಾದ ಕೆಲಸ ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ಸಿಮೆಂಟಿನ ಬದಲು ಸುರ್ಕಿ ಗಾರೆಯಲ್ಲಿ ಕಟ್ಟಿದ ಕಟ್ಟೆ ಅದು, ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಹಿಡಿಯುವ ನೀರು 49.45 ಟಿ.ಎಂ.ಸಿ. ಆ ನೀರಿನಿಂದ ಮಂಡ್ಯದ ಬರಡು ನೆಲ ಕಬ್ಬು ಭತ್ತದ ನೆಲವಾಯಿತು. ಬೆಂಗಳೂರಿನ ಕೋಟ್ಯಂತರ ಜನ ಕುಡಿಯುವುದೂ ಅದೇ ಕಾವೇರಿಯನ್ನು.

ಟಿ.ಎಂ.ಸಿ. ಅಂದ್ರೆ ಎಷ್ಟು ಅಂತ ಪೇಪರ್ ಓದುವಾಗ ನಮಗೆ ಗೊತ್ತಾಗೋದಿಲ್ಲ. ನಮ್ಮ ಹಾಲಿನ ಕ್ಯಾನಿನಲ್ಲಿ ಹೇಳ್ತೀನಿ. ಒಂದು ಟಿ.ಎಂ.ಸಿ. ಅಂದರೆ ನೂರು ಕೋಟಿ ಘನ ಅಡಿ ನೀರು, ಸುಮಾರು 2,830 ಕೋಟಿ ಲೀಟರ್. ನಲವತ್ತು ಲೀಟರಿನ ಕ್ಯಾನ್ ಆದರೆ ಎಪ್ಪತ್ತು ಕೋಟಿ ಕ್ಯಾನ್. ಇದು ಒಂದು ಟಿ.ಎಂ.ಸಿ. ಮಾತ್ರ.

ಈಗ ಒಂದು ಪ್ರಶ್ನೆ. ಊರೂರಿಗೆ ಅಣೆಕಟ್ಟು ಕಟ್ಟಿದ ಮಹಾನುಭಾವರು ಹುಟ್ಟಿದ ಸೀಮೆಗೇ ಒಂದು ಕನ್ನಂಬಾಡಿ ಯಾಕಿಲ್ಲ? ನನ್ನ ಹತ್ತಿರ ಎಷ್ಟೋ ಜನ ಇದನ್ನು ಕೇಳಿದ್ದಾರೆ, ಸಿಟ್ಟಿನಿಂದಲೂ ಕೇಳಿದ್ದಾರೆ. ಕಾರಣ ಎರಡು.

ಒಂದು, ನಾವು ಕೂತಿರುವ ಜಾಗ. ನಂದಿ ಬೆಟ್ಟ ಮತ್ತು ಅದರ ಸುತ್ತಿನ ಬೆಟ್ಟಗಳಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ ಹುಟ್ಟುತ್ತವೆ. ಪಾಲಾರ್ ಹುಟ್ಟೋದೂ ನಮ್ಮ ಚಿಂತಾಮಣಿ ಕೋಲಾರದ ಸೀಮೆಯಲ್ಲೇ. ಕೇಳಲಿಕ್ಕೆ ಹೆಮ್ಮೆ. ಆದರೆ ಹುಟ್ಟುವ ಜಾಗದಲ್ಲಿ ನದಿ ಅಂದರೆ ಏನಿರುತ್ತೆ? ಮಳೆ ಬಂದಾಗ ಹರಿಯುವ ಹಳ್ಳ. ನಮ್ಮದು ಮನೆಯ ಸೂರಿನ ಮೇಲಿನ ಬದುಕು, ಬಿದ್ದ ನೀರು ನಾಲ್ಕೂ ದಿಕ್ಕಿಗೆ ಇಳಿದು ಆಂಧ್ರಕ್ಕೆ, ತಮಿಳುನಾಡಿಗೆ ಹೋಗುತ್ತೆ. ವರ್ಷಕ್ಕೆ ಎಪ್ಪತ್ತು ಎಪ್ಪತ್ತೈದು ಸೆಂಟಿಮೀಟರ್ ಮಳೆ, ಅದೂ ನಂಬಿಕೆ ಇಲ್ಲದ ಮಳೆ.

ಎರಡನೆಯದು ಕಾಗದದ ಕಾರಣ. 1892ರಲ್ಲಿ ಮದ್ರಾಸು ಸರ್ಕಾರಕ್ಕೂ ಮೈಸೂರು ಸಂಸ್ಥಾನಕ್ಕೂ ಒಂದು ಒಪ್ಪಂದ ಆಯಿತು. ಕೆಲವು ನದಿಗಳ ಪಟ್ಟಿ ಮಾಡಿ, ಇವುಗಳ ಮೇಲೆ ಮದ್ರಾಸಿನ ಒಪ್ಪಿಗೆ ಇಲ್ಲದೆ ಮೈಸೂರಿನವರು ಹೊಸ ನೀರಾವರಿ ಜಲಾಶಯ ಕಟ್ಟುವ ಹಾಗಿಲ್ಲ ಎಂದರು. ಕಾವೇರಿ ಜಗಳದಲ್ಲಿ ಈ ಒಪ್ಪಂದದ ಹೆಸರು ಎಲ್ಲರೂ ಕೇಳಿದ್ದೀರಿ. ಆದರೆ ಆ ಪಟ್ಟಿಯಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್ ಎಲ್ಲವೂ ಇದ್ದವು ಅನ್ನೋದು ನಮ್ಮವರಿಗೆ ಗೊತ್ತಿಲ್ಲ. ಬಾಗೇಪಲ್ಲಿಯ ಪರಗೋಡು ಹತ್ತಿರ ಚಿತ್ರಾವತಿಗೆ ಕುಡಿಯುವ ನೀರಿಗಾಗಿ ಒಂದು ಕಟ್ಟೆ ಕಟ್ಟಲು ಹೋದಾಗಲೂ ಆಂಧ್ರದವರು ತಕರಾರು ತೆಗೆದರು.

ಹಾಗಂತ ನಮ್ಮ ಜಿಲ್ಲೆಯಲ್ಲಿ ಡ್ಯಾಂ ಇಲ್ಲವೇ ಇಲ್ಲ ಅಂತಲ್ಲ. ಚಿಕ್ಕಬಳ್ಳಾಪುರಕ್ಕೂ ದೊಡ್ಡಬಳ್ಳಾಪುರಕ್ಕೂ ಕುಡಿಯುವ ನೀರು ಕೊಡುವ ಜಕ್ಕಲಮಡುಗು ಇದೆ. ಮಂಚೇನಹಳ್ಳಿ ಕಡೆ ದಂಡಿಗಾನಹಳ್ಳಿ ಇದೆ, ಶ್ರೀನಿವಾಸ ಸಾಗರ ಇದೆ. ಕೋಡಿ ಬಿದ್ದ ವರ್ಷ ಹುಡುಗರು ಮೊಬೈಲ್ ಹಿಡಕೊಂಡು ಫೋಟೋ ತೆಗೆಯಲು ಹೋಗ್ತಾರೆ. ಆದರೆ ಇವು ಮಂಡ್ಯದ ಅಳತೆಯವಲ್ಲ.

ದೊಡ್ಡ ಅಣೆಕಟ್ಟಿನಿಂದ ಉಪಕಾರ ಆಗಿಲ್ಲ ಎಂದು ಹೇಳುವವನು ನಾನಲ್ಲ. ತುಂಗಭದ್ರಾ ಇಲ್ಲದೆ ಸಿಂಧನೂರು ಗಂಗಾವತಿಯ ಭತ್ತ ಇಲ್ಲ. ಆದರೆ ಅಣೆಕಟ್ಟು ಕಟ್ಟಿದರೆ ಸಾಕು, ನೀರು ತಾನಾಗಿ ಬರುತ್ತೆ ಎಂದು ನಂಬಿರುವವರಿಗೆ ಮೂರು ಸಂಗತಿ ಹೇಳಬೇಕು.

ಹಿರಿಯೂರಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1907ರಲ್ಲಿ ಮುಗಿಯಿತು. ಅದು 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ! ಅಜ್ಜ ನೋಡಿದ್ದನ್ನು ಮರಿಮಗ ನೋಡಿದ.

ತುಂಗಭದ್ರಾ ಕಟ್ಟಿದಾಗ 133 ಟಿ.ಎಂ.ಸಿ. ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಅಲ್ಲಿ ಹೋಗಿರುವ ಜಾಗ ಕನ್ನಂಬಾಡಿಯ ಅರ್ಧಕ್ಕಿಂತ ಹೆಚ್ಚು. 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿ ಹೋಯಿತು. ತುಂಬಿದ ಡ್ಯಾಮಿನ ನೀರನ್ನು ಹೊಳೆಗೆ ಬಿಡಬೇಕಾಯಿತು. ಒಂದು ಚೈನು, ನೋಡಿ.

ಮೂರನೆಯದು ನಮ್ಮ ನಂದಿಯಲ್ಲೇ ಹುಟ್ಟುವ ಅರ್ಕಾವತಿಯದು. ಅದರ ಮೇಲೆ 1890ರ ದಶಕದಲ್ಲಿ ಹೆಸರಘಟ್ಟ ಕಟ್ಟಿ ಬೆಂಗಳೂರಿಗೆ ನೀರು ಕೊಟ್ಟರು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಕಟ್ಟಿದರು. ಎರಡು ಮೂರು ತಲೆಮಾರು ಬೆಂಗಳೂರು ಕುಡಿದದ್ದು ನಮ್ಮ ಬೆಟ್ಟದ ನೀರನ್ನು. ಆಮೇಲೆ ಮೇಲಿನ ಹೊಲಗಳಲ್ಲಿ ನೀಲಗಿರಿ ಬಂತು, ಬೋರು ಬಂತು, ಕಾಲುವೆ ಕೆರೆ ಮುಚ್ಚಿ ಲೇಔಟ್ ಬಂತು. ಡ್ಯಾಮಿಗೆ ಹರಿಯುವ ನೀರು ನಿಂತಿತು, ಹರಿದದ್ದೂ ಕೊಳಕು. 2012ರ ಹೊತ್ತಿಗೆ ತಿಪ್ಪಗೊಂಡನಹಳ್ಳಿಯಿಂದ ಕುಡಿಯುವ ನೀರು ಎತ್ತುವುದನ್ನೇ ನಿಲ್ಲಿಸಿದರು. ಗೋಡೆಗೆ ಏನೂ ಆಗಿರಲಿಲ್ಲ. ಹೋದದ್ದು ಗೋಡೆಯ ಹಿಂದಿನ ದಾರಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮನೆ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ಇನ್ನು ಎತ್ತಿನಹೊಳೆ. ಇದನ್ನು ಹೇಳದೆ ನಮ್ಮ ಸೀಮೆಯಲ್ಲಿ ಯಾವ ನೀರಿನ ಭಾಷಣವೂ ಮುಗಿಯೋದಿಲ್ಲ. ಪರಮಶಿವಯ್ಯನವರು ಪಶ್ಚಿಮಕ್ಕೆ ಹರಿಯುವ ನೀರನ್ನು ನಮ್ಮ ಬಯಲಿಗೆ ತಿರುಗಿಸುವ ವರದಿ ಕೊಟ್ಟ ಕಾಲದಿಂದ ನಾವು ಕಾಯ್ತಾ ಇದ್ದೇವೆ. ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಎಷ್ಟು ಧರಣಿ ಮಾಡಿದರು, ಎಷ್ಟು ಸಾರಿ ಬಂದ್ ಆಯಿತು. 2016ರ ಮಾರ್ಚಿಯಲ್ಲಿ ಬೆಂಗಳೂರಿಗೆ ಟ್ರ್ಯಾಕ್ಟರ್ ರ‍್ಯಾಲಿ ಹೊರಟಾಗ ನಮ್ಮ ಊರಿನಿಂದಲೂ ಹೋಗಿದ್ದೆವು. ಡೀಸೆಲ್ ದುಡ್ಡು ನಮ್ಮದೇ, ಬುತ್ತಿಯೂ ನಮ್ಮದೇ. ಎತ್ತಿನಹೊಳೆಗೆ 2014ರ ಮಾರ್ಚಿಯಲ್ಲಿ ನಮ್ಮ ಜಿಲ್ಲೆಯಲ್ಲೇ ಶಂಕುಸ್ಥಾಪನೆ ಆಗಿತ್ತು. ನೇತ್ರಾವತಿಯ ಮೇಲ್ಭಾಗದ ಹಳ್ಳಗಳಿಂದ 24.01 ಟಿ.ಎಂ.ಸಿ. ಎತ್ತಿ ಏಳು ಜಿಲ್ಲೆಗೆ ಕುಡಿಯಲು ಕೊಟ್ಟು 527 ಕೆರೆ ತುಂಬಿಸುವುದು ಅಂತ ಲೆಕ್ಕ. ಖರ್ಚು 8,323 ಕೋಟಿ ಅಂತ ಹೊರಟದ್ದು 12,912 ಕೋಟಿ ಆಗಿ, 2023ರಲ್ಲಿ 23,251 ಕೋಟಿಗೆ ಬಂತು. 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಸಕಲೇಶಪುರದಲ್ಲಿ ಮೊದಲ ಹಂತದ ಪಂಪು ಚಾಲೂ ಮಾಡಿದರು. ಕಾಲುವೆ ಪೂರ್ತಿ ಆಗದೆ ಇದ್ದದ್ದರಿಂದ ಆ ನೀರನ್ನು ಮೊದಲು ವಾಣಿವಿಲಾಸ ಸಾಗರದ ಕಡೆಗೆ ತಿರುಗಿಸಿದರು. ನಾವು ಟಿ.ವಿ.ಯಲ್ಲಿ ನೋಡಿದೆವು.

ಅಷ್ಟು ನೀರು ಅಲ್ಲಿ ಸಿಗೋದೇ ಇಲ್ಲ, ಅರ್ಧವೂ ಕಷ್ಟ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಲೆಕ್ಕ ಹಾಕಿದರು. ದಕ್ಷಿಣ ಕನ್ನಡದವರು ನಮ್ಮ ಹೊಳೆ ಬತ್ತುತ್ತೆ ಎಂದು ಬೀದಿಗೆ ಇಳಿದರು. ಇನ್ನು ಭೈರಗೊಂಡ್ಲು ಹತ್ತಿರ ಜಲಾಶಯಕ್ಕೆ ಜಮೀನು ಮುಳುಗುವ ದೊಡ್ಡಬಳ್ಳಾಪುರ, ಕೊರಟಗೆರೆ ತಾಲೂಕಿನ ರೈತರು, ಒಂದೇ ಡ್ಯಾಮಿನಲ್ಲಿ ಮುಳುಗುವ ನಮಗೆ ಎರಡು ತಾಲೂಕಿನಲ್ಲಿ ಎರಡು ಥರ ಪರಿಹಾರ ಯಾಕೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಮ್ಮ ಬಾಯಾರಿಕೆಗೆ ಇನ್ನೊಬ್ಬ ರೈತನ ಮನೆ ಮುಳುಗುತ್ತೆ ಅನ್ನೋದನ್ನು ನಾವು ರ‍್ಯಾಲಿಯಲ್ಲಿ ಕೂಗುವಾಗ ಯೋಚನೆ ಮಾಡಿರಲಿಲ್ಲ. ಕನ್ನಂಬಾಡಿ ಎಂಬ ಊರು ಕೂಡ ಒಂದು ಕಾಲಕ್ಕೆ ಊರೇ ಆಗಿತ್ತಲ್ಲ. ಎತ್ತಿನಹೊಳೆ ಬರಲಿ, ನನಗೂ ಬೇಕು. ಬೇಡ ಅನ್ನೋಕೆ ನಾನು ಯಾರು?

ಅದಕ್ಕೆ ಮುಂಚೆ ಬೆಂಗಳೂರಿನ ನೀರು ಬಂತು. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಆಮೇಲೆ ಹೆಬ್ಬಾಳ-ನಾಗವಾರ ವ್ಯಾಲಿ ನೀರು ನಮ್ಮ ಕಡೆಗೆ. ದಿನಕ್ಕೆ 21 ಕೋಟಿ ಲೀಟರ್, 65 ಕೆರೆಗೆ ಅನ್ನೋದು ಯೋಜನೆ. ಪೂರ್ತಿ ಹರಿದರೆ ವರ್ಷಕ್ಕೆ ಎರಡೂ ಮುಕ್ಕಾಲು ಟಿ.ಎಂ.ಸಿ. ಹತ್ತಿರ ಆಗುತ್ತೆ. ಎರಡೇ ಸಾರಿ ಶುದ್ಧ ಮಾಡಿದ ನೀರು, ಮೂರನೇ ಹಂತದ ಶುದ್ಧೀಕರಣ ಆಗಬೇಕು ಅನ್ನೋ ಹೋರಾಟ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನಮ್ಮ ಸಂಘದಲ್ಲೂ ಇದರ ಬಗ್ಗೆ ಜಗಳ ಆಗಿದೆ. ಬಾವಿಗೆ ನೀರು ಬಂತು ಅನ್ನುವವರು ಒಂದು ಕಡೆ, ಆ ನೀರು ಕುಡಿದ ಹಸುವಿನ ಹಾಲಿಗೆ, ರೇಷ್ಮೆ ಹುಳುವಿಗೆ ಏನಾಗುತ್ತೋ ಅನ್ನುವವರು ಇನ್ನೊಂದು ಕಡೆ. ನನ್ನ ಅಭಿಪ್ರಾಯ ಕೇಳಿದರೆ ನೀರು ಬೇಡ ಅನ್ನಬಾರದು, ಆದರೆ ಮೂರನೇ ಹಂತವೂ ಆಗಲಿ ಎಂದು ಬಿಡದೆ ಕೇಳಬೇಕು. ನಾವು ಹಾಲಿನಲ್ಲಿ ಒಂದು ಡಿಗ್ರಿ ಕಡಿಮೆ ಬಂದರೆ ವಾಪಸ್ ಕಳಿಸ್ತೇವೆ. ನೀರಿಗೂ ಅದೇ ಕಟ್ಟುನಿಟ್ಟು ಇರಲಿ.

ಈಗ ನಮ್ಮ ಕೆರೆಗೆ ಬರ್ತೀನಿ. ದೊಡ್ಡ ಅಣೆಕಟ್ಟು ಅಂತ ಕರೆಯಬೇಕಾದರೆ ಅಡಿಪಾಯದಿಂದ 15 ಮೀಟರ್, ಅಂದರೆ ಸುಮಾರು ಐವತ್ತು ಅಡಿ ಎತ್ತರ ಇರಬೇಕು ಅಂತ ಪ್ರಪಂಚದ ಇಂಜಿನಿಯರುಗಳ ಸಂಸ್ಥೆ ಇಟ್ಟಿರುವ ಅಳತೆ. ನಮ್ಮ ಕೆರೆ ಏರಿ ಇಪ್ಪತ್ತು ಅಡಿ. ಅವರ ಲೆಕ್ಕಕ್ಕೆ ಬರೋದಿಲ್ಲ. ಆದರೆ ನಮ್ಮ ಲೆಕ್ಕ ನೋಡಿ. ಎಂಬತ್ತು ಎಕರೆ ಅಂಗಳ, ಸರಾಸರಿ ಆರಡಿ ನೀರು ನಿಂತರೂ ಎರಡು ಕೋಟಿ ಘನ ಅಡಿ ಆಯ್ತು. ಇಂಥ ನಲವತ್ತೆಂಟು ಕೆರೆ ತುಂಬಿದರೆ ಒಂದು ಟಿ.ಎಂ.ಸಿ. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ಇದ್ದದ್ದು ಸಾವಿರಾರು ಕೆರೆ. ಒಂದರ ಕೋಡಿ ಇನ್ನೊಂದರ ಬಾಯಿಗೆ, ಸರಪಳಿ ಥರ. ನಮ್ಮ ಕೆರೆ ಒಂದು ಸಾರಿ ತುಂಬಿದರೆ ಐವತ್ತೊಂಬತ್ತು ಕೋಟಿ ಲೀಟರ್. ಸಂಘಕ್ಕೆ ದಿನಕ್ಕೆ ಸಾವಿರ ಲೀಟರ್ ಹಾಲು ಅಂತ ಇಟ್ಟುಕೊಂಡರೂ, ಇಪ್ಪತ್ತೈದು ವರ್ಷದ ಒಟ್ಟು ಹಾಲಿನ ಅರವತ್ತು ಪಟ್ಟಿಗೂ ಹೆಚ್ಚು. ಈ ಲೆಕ್ಕವನ್ನು ಕಾರ್ಯದರ್ಶಿಗಳು ಎರಡು ಸಾರಿ ತಾಳೆ ನೋಡಿದ್ದಾರೆ.

ನಾನು ಹುಡುಗನಾಗಿದ್ದಾಗ ಒಬ್ಬ ನೀರಗಂಟಿ ತಾತ ಇದ್ದರು. ತೂಬಿನ ಕೀಲಿ ಅವರ ಸೊಂಟದಲ್ಲಿ. ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು ಅನ್ನೋದು ಅವರ ಬಾಯಲ್ಲಿ. ಗೌಡರ ಗದ್ದೆಯಾದರೂ ಸರದಿ ಬರುವವರೆಗೆ ಬಿಡುತ್ತಿರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಮನೆಯವರು ಅವರಿಗೆ ಇಷ್ಟು ರಾಗಿ, ಇಷ್ಟು ಭತ್ತ ಅಳೆದು ಕೊಡೋರು. ಬೇಸಿಗೆಯಲ್ಲಿ ಮನೆಗೊಂದು ಗಾಡಿ ಗೋಡು ಎತ್ತಿ ಹೊಲಕ್ಕೆ ಹೊಡೆಯೋದು ಕಡ್ಡಾಯ. ಬೋರು ಬಂದ ಮೇಲೆ ಆ ತಾತನ ಕೈಯಲ್ಲಿ ಕೆಲಸ ಉಳಿಯಲಿಲ್ಲ. ಪ್ರತಿಯೊಬ್ಬನಿಗೂ ಅವನದೇ ತೂಬು, ಅವನದೇ ಸ್ವಿಚ್ಚು. ಇನ್ನೂರು ಅಡಿಗೆ ಸಿಕ್ಕಿದ ನೀರು ಈಗ ಸಾವಿರದ ಇನ್ನೂರು, ಸಾವಿರದ ಐನೂರು ಅಡಿಗೂ ಅನುಮಾನ. ಸಿಕ್ಕರೂ ಫ್ಲೋರೈಡು. ನಾನೇ ನಾಲ್ಕು ಬೋರು ಕೊರೆಸಿದ್ದೇನೆ. ಮೂರರಲ್ಲಿ ಬಂದದ್ದು ಬಿಳಿ ಪುಡಿ. ಸಾಲ ತೀರಿಸಿದ್ದು ಹೆಂಡತಿ ಕರೆದ ಹಾಲಿನ ದುಡ್ಡಿನಲ್ಲಿ, ಈ ಸಂಘದ ಬಟವಾಡೆಯಲ್ಲಿ. ಇನ್ನು ಕೆಲವರು ಸಬ್ಸಿಡಿಯಲ್ಲಿ ಕೃಷಿ ಹೊಂಡ ತೆಗೆಸಿ, ಟಾರ್ಪಾಲು ಹಾಸಿ, ಅದಕ್ಕೆ ಬೋರಿನ ನೀರು ತುಂಬಿಸಿ ಬಿಸಿಲಿಗೆ ಆವಿ ಮಾಡ್ತಾರೆ. ಮಳೆ ನೀರಿಗೆ ಅಂತ ಕೊಟ್ಟ ಹೊಂಡ ಅದು. ಹೆಸರು ಹೇಳೋದಿಲ್ಲ, ನಗ್ತಾ ಇರೋರಿಗೆ ಗೊತ್ತು.

2021ರ ನವೆಂಬರ್ ಮಳೆ ಯಾರೂ ಮರೆತಿಲ್ಲ. ಜಿಲ್ಲೆಯ ಎಷ್ಟೋ ಕೆರೆ ದಶಕಗಳ ಮೇಲೆ ಕೋಡಿ ಬಿದ್ದವು. ನಮ್ಮ ಕೆರೆಯೂ ತುಂಬಿತು. ಹೆಂಗಸರು ಬಾಗಿನ ಕೊಡಲು ತಟ್ಟೆ ಹಿಡಿದು ನಿಂತಿದ್ದರು. ಅದೇ ರಾತ್ರಿ ಹತ್ತು ಗಂಟೆಗೆ ಏರಿಯ ಕೆಳಗೆ ಕೆಸರು ನೀರು ಬುಗ್ಗೆ ಏಳ್ತಾ ಐತೆ ಅಂತ ಹುಡುಗರು ಓಡಿ ಬಂದರು. ಏರಿ ಮೇಲೆ ಬೆಳೆದ ಜಾಲಿ ಬೇರು, ಹುತ್ತ, ನಳ್ಳಿ ಬಿಲ, ಎಲ್ಲ ಸೇರಿ ಒಳಗೆ ದಾರಿ ಆಗಿತ್ತು. ಮರಳು ಐತೆ, ಚೀಲ ಇಲ್ಲ. ಆಗ ಕಾರ್ಯದರ್ಶಿಗಳು ಸಂಘದ ಗೋದಾಮಿನ ಬೀಗ ತೆಗೆದು ಪಶು ಆಹಾರದ ಖಾಲಿ ಚೀಲ ಎಲ್ಲ ಹೊರಗೆ ಹಾಕಿದರು. ಸಾಲದೆ ತುಂಬಿದ ಚೀಲಗಳನ್ನೂ ಚಾಪೆ ಮೇಲೆ ಸುರಿಸಿ ಚೀಲ ಕೊಟ್ಟರು. ಆಡಳಿತ ಮಂಡಳಿ ಠರಾವು ಇಲ್ಲದೆ ಮಾಡಿದ ಕೆಲಸ, ಆಮೇಲಿನ ಸಭೆಯಲ್ಲಿ ಮಂಜೂರು ಮಾಡಿದೆವು. ಬೆಳಗಿನ ಜಾವ ನಾಲ್ಕಕ್ಕೆ ಬುಗ್ಗೆ ನಿಂತಿತು. ಐದಕ್ಕೆ ಅದೇ ಕೆಸರು ಕೈಯಲ್ಲಿ ಹಾಲು ಅಳೆದೆವು. ನಮ್ಮ ಸಂಘದ ಇಪ್ಪತ್ತೈದು ವರ್ಷದಲ್ಲಿ ನನಗೆ ಅತಿ ಹೆಚ್ಚು ನೆನಪಿರುವುದು ಆ ರಾತ್ರಿ.

ಆದರೆ ಆ ರಾತ್ರಿಗೆ ಇನ್ನೊಂದು ಮುಖ ಇದೆ, ಅದನ್ನು ನಾನು ಇಲ್ಲಿಯವರೆಗೆ ಸಭೆಯಲ್ಲಿ ಹೇಳಿಲ್ಲ. ಮೇಲಿನ ಕೆರೆಯ ಕೋಡಿ ನೀರು ಬಂದು ನನ್ನ ಹಿಪ್ಪುನೇರಳೆ ತೋಟದ ಮಧ್ಯೆ ನುಗ್ಗಿ, ಗಿಡಗಳನ್ನು ಬುಡಸಮೇತ ಕಿತ್ತು ಸಾಲು ಹೊಡೆದ ಹಾಗೆ ನೆಟ್ಟಗೆ ಹರಿದು ಹೋಯಿತು. ಪರಿಹಾರಕ್ಕೆ ಅರ್ಜಿ ಬರೆಯಲು ಕೂತಾಗ ನನ್ನ ತಾಯಿ ಕೇಳಿದರು: "ನೀರು ಅದರ ಜಾಗದಲ್ಲಿ ಹೋಗೈತೆ, ನಿನಗೇನು ಪರಿಹಾರ?" ಅಂತ. ಗ್ರಾಮ ನಕ್ಷೆ ತಂದು ನೋಡಿದೆ. ರಾಜಕಾಲುವೆ ಅಲ್ಲೇ ಇತ್ತು. ಕೆರೆಗೆ ನೀರು ಬಾರದ ವರ್ಷಗಳಲ್ಲಿ ನಮ್ಮ ತಂದೆಯವರು ಅದನ್ನು ಮಟ್ಟ ಮಾಡಿ ತೋಟಕ್ಕೆ ಸೇರಿಸಿದ್ದರು. ಆರು ಗುಂಟೆ. ಅವರು ದುರಾಸೆಯವರಲ್ಲ. ಹತ್ತು ವರ್ಷ ಒಣಗಿದ ಕಾಲುವೆ, ಇನ್ನೆಲ್ಲಿ ನೀರು ಅಂತ ಎಲ್ಲರ ಥರ ಯೋಚಿಸಿದರು. ನಾನು ತಪ್ಪು ಗೊತ್ತಾದ ಮೇಲೂ ಮೂರು ವರ್ಷ ಸುಮ್ಮನಿದ್ದೆ, ತೋಟ ಮತ್ತೆ ನಾಟಿ ಮಾಡಿದೆ. ಅದು ನನ್ನ ತಪ್ಪು, ತಂದೆಯವರದಲ್ಲ.

ನಕ್ಷೆಯ ಪ್ರಕಾರ ಮೇಲಿನ ಕೆರೆಯಿಂದ ನಮ್ಮ ಕೆರೆಗೆ ಬರುವ ಕಾಲುವೆ ಹಾದು ಹೋಗುವುದು ಹದಿನೇಳು ಜನರ ಜಮೀನಿನ ಪಕ್ಕದಲ್ಲಿ. ಕೆಲವರು ಒತ್ತಿದ್ದಾರೆ, ಕೆಲವರು ಇಲ್ಲ. ಹದಿನೇಳರಲ್ಲಿ ಹದಿನಾಲ್ಕು ಜನ ಈ ಸಂಘದ ಸದಸ್ಯರು. ಎತ್ತಿನಹೊಳೆ ನೀರು ಬಂದರೂ, ವ್ಯಾಲಿ ನೀರು ಬಂದರೂ, ದೇವರು ಕೊಟ್ಟ ಮಳೆ ಬಂದರೂ ಈ ಕಾಲುವೆಯಲ್ಲೇ ಬರಬೇಕು. ಇಪ್ಪತ್ಮೂರು ಸಾವಿರ ಕೋಟಿ ಖರ್ಚು ಮಾಡಿ ಇನ್ನೂರೈವತ್ತು ಕಿಲೋಮೀಟರ್ ಕಾಲುವೆ ತೋಡುವವರನ್ನು ಬೈಯುವ ನಾವು, ನಮ್ಮ ಒಂದೂವರೆ ಕಿಲೋಮೀಟರ್ ಬಿಟ್ಟುಕೊಟ್ಟಿಲ್ಲ. ಜಲ ಸಂವರ್ಧನೆ ಯೋಜನೆ ಕಾಲದಲ್ಲಿ ಕೆರೆ ಸಂಘ ಮಾಡಿ ಹೂಳು ತೆಗೆದ ಊರುಗಳು ಸುತ್ತಮುತ್ತ ಇವೆ. ಎಷ್ಟೋ ಕಡೆ ಹೂಳು ತೆಗೆದದ್ದು ನಿಂತಿದೆ, ನೀರು ಬರುವ ದಾರಿ ಬಿಡಿಸಲು ಯಾರಿಗೂ ಧೈರ್ಯ ಬಂದಿಲ್ಲ. ಹೂಳು ಯಾರದೂ ಅಲ್ಲ, ಕಾಲುವೆ ಮಾತ್ರ ಒಬ್ಬೊಬ್ಬರ ಬಾಗಿಲು ತಟ್ಟುತ್ತೆ.

ನನ್ನ ಆರು ಗುಂಟೆಯನ್ನು ನಾನು ಬಿಡ್ತಾ ಇದ್ದೇನೆ. ನನ್ನ ತಮ್ಮನಿಗೆ ಇದು ಒಪ್ಪಿಗೆ ಇಲ್ಲ, ಅವನು ಇಲ್ಲೇ ಕೂತಿದ್ದಾನೆ, ಮನೆಗೆ ಹೋದ ಮೇಲೆ ಜಗಳ ಇದ್ದದ್ದೇ. ಮಿಕ್ಕವರನ್ನು ನಾನು ಬಲವಂತ ಮಾಡೋದಿಲ್ಲ, ನಿರ್ದೇಶಕ ಅನ್ನೋ ಅಧಿಕಾರದಲ್ಲಂತೂ ಅಲ್ಲವೇ ಅಲ್ಲ. ಆಡಳಿತ ಮಂಡಳಿಯಲ್ಲಿ ಒಂದು ಠರಾವು ಆಗಿದೆ: ರಜತ ಮಹೋತ್ಸವದ ಊಟ, ಶಾಮಿಯಾನದಲ್ಲಿ ಉಳಿದ ದುಡ್ಡನ್ನು ಕಾಲುವೆ ತೋಡಲು ಜೆ.ಸಿ.ಬಿ. ಬಾಡಿಗೆಗೆ ಇಡುವುದು. ನಮ್ಮ ಕೆರೆಯ ಅಚ್ಚುಕಟ್ಟು ನಲವತ್ತು ಹೆಕ್ಟೇರಿನ ಒಳಗೆ ಇರುವುದರಿಂದ ಅದು ಸಣ್ಣ ನೀರಾವರಿ ಇಲಾಖೆಗೆ ಸೇರಿಲ್ಲ, ಪಂಚಾಯಿತಿಗೆ ಸೇರಿದ್ದು. ಅರ್ಜಿ ಕೊಟ್ಟಿದ್ದೇವೆ, ಅಳತೆಗೆ ಸರ್ವೇಯರಿಗೆ ಫೀಸೂ ಕಟ್ಟಿದೆ.

ಬರುವ ಭಾನುವಾರ ಬೆಳಗ್ಗೆ ಹಾಲು ಅಳೆದು ಕ್ಯಾನು ಲಾರಿಗೆ ಹಾಕಿದ ಮೇಲೆ, ಎಂಟು ಗಂಟೆಗೆ, ಮೇಲಿನ ಕೆರೆಯ ಕೋಡಿ ಹತ್ತಿರ ಸೇರುತ್ತೇವೆ. ಚೈನು ಹಿಡಿಯಲು ನಾಲ್ಕು ಜನ, ಗುರುತಿಗೆ ಕಲ್ಲು ಹೊರಲು ಒಂದು ಟ್ರ್ಯಾಕ್ಟರ್ ಬೇಕು. ಅಳತೆ ನನ್ನ ತೋಟದಿಂದಲೇ ಶುರುವಾಗಲಿ ಎಂದು ಕೇಳಿಕೊಂಡಿದ್ದೇನೆ. ಹದಿನೇಳು ಜನರ ಪಟ್ಟಿಯನ್ನು ಡೇರಿ ಗೋಡೆಗೆ ಅಂಟಿಸುವುದಿಲ್ಲ, ಅದು ಕಾರ್ಯದರ್ಶಿಗಳ ಮೇಜಿನಲ್ಲಿದೆ, ಬೇಕಾದವರು ಹೋಗಿ ನೋಡಿಕೊಳ್ಳಬಹುದು.